ಹಳೆ ಮನೆಯ ವಯರಿಂಗ್ ಬದಲಿಸುವ ಮೊದಲು: ಪದೇ ಪದೇ ಕೇಳುವ ಪ್ರಶ್ನೆಗಳು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮದೊಂದು ಹಂಚಿನ ಮನೆ. ಮುರಕಲ್ಲಿನ ಗೋಡೆ, ಮರದ ಮುಚ್ಚಿಗೆ, ಅದರ ಮೇಲೆ ಅಟ್ಟ. ಎರಡು ವರ್ಷದ ಹಿಂದೆ ಅದರ ವಯರಿಂಗ್ ಪೂರ್ತಿ ಬದಲಿಸಿದೆವು. ಆಮೇಲೆ ಅಕ್ಕನ ಮನೆ, ಮಾವನ ಮನೆಯ ಕೆಲಸಕ್ಕೂ ನಿಂತೆ. ನಾನು ಇಲೆಕ್ಟ್ರಿಷಿಯನ್ ಅಲ್ಲ. ಮೂರು ಮನೆಯಲ್ಲಿ ಅವರ ಹಿಂದೆ ಟಾರ್ಚ್ ಹಿಡಿದು ಓಡಾಡಿ, ಕೇಳಿ ಕೇಳಿ ತಲೆ ತಿಂದವನು, ಅಷ್ಟೇ. ಅಂದಿನಿಂದ ಪೆರ್ಲ, ಮುಳ್ಳೇರಿಯ, ಕುಂಬಳೆ ಕಡೆಯ ನೆಂಟರು ಫೋನ್ ಮಾಡಿ ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಅದಕ್ಕೆ ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಲೈಟು ಉರಿಯುತ್ತದೆ, ಫ್ಯಾನು ತಿರುಗುತ್ತದೆ. ಮತ್ತೆ ಯಾಕೆ ಬದಲಿಸಬೇಕು?

ಲೈಟು ಉರಿಯುವುದಕ್ಕೆ ಒಳ್ಳೆಯ ವಯರ್ ಬೇಕೆಂದಿಲ್ಲ. ಕೆಟ್ಟ ವಯರಿನಲ್ಲೂ ಉರಿಯುತ್ತದೆ, ತೊಂದರೆ ಇರುವುದೇ ಅಲ್ಲಿ.

ನಮ್ಮ ಕಡೆಯ ಹಳೆ ಮನೆಗಳಲ್ಲಿ ಮರದ ಪಟ್ಟಿಯ ಮೇಲೆ ಸಣ್ಣ ತಗಡಿನ ಕ್ಲಿಪ್ ಹೊಡೆದು ಎಳೆದ ವಯರ್ ಈಗಲೂ ಉಂಟು. ಅದರಲ್ಲಿ ತುಂಬ ಹಳೆಯದಕ್ಕೆ ರಬ್ಬರಿನ ಹೊದಿಕೆ. ವರ್ಷ ಕಳೆದಂತೆ ರಬ್ಬರ್ ಗಟ್ಟಿಯಾಗಿ ಹಪ್ಪಳದ ಹಾಗೆ ಆಗುತ್ತದೆ. ಮುಟ್ಟದಿದ್ದರೆ ಸುಮ್ನೆ ಇರುತ್ತದೆ, ಒಂದು ಸ್ವಿಚ್ ಬದಲಿಸಲು ಬಗ್ಗಿಸಿದರೆ ಪುಡಿಪುಡಿ. ಅದರ ನಂತರದ ಕಾಲದ ಮನೆಗಳಲ್ಲಿ ಅಲ್ಯುಮಿನಿಯಂ ವಯರ್. ಅಲ್ಯುಮಿನಿಯಂ ಮೆತ್ತಗಿನ ಲೋಹ. ಸ್ಕ್ರೂ ಎಷ್ಟು ಬಿಗಿ ಮಾಡಿದರೂ ಕಾಲ ಹೋದಂತೆ ಸಡಿಲವಾಗುತ್ತದೆ. ಸಡಿಲವಾದ ಕಡೆ ಬಿಸಿಯಾಗುತ್ತದೆ. ಅಲ್ಯುಮಿನಿಯಂ ವಯರಿಗೆ ತಾಮ್ರದ ವಯರನ್ನು ನೇರವಾಗಿ ತಿರುಚಿ ಜೋಡಿಸಿದರೆ ಆ ಜಾಗದಲ್ಲಿ ಕಿಲುಬು ಹಿಡಿದು ಇನ್ನೂ ಬೇಗ ಹಾಳಾಗುತ್ತದೆ.

ಇನ್ನೊಂದು ವಿಷಯ ಉಂಟು. ಆ ವಯರ್ ಹಾಕಿದ್ದು ನಾಲ್ಕು ಬಲ್ಬು, ಒಂದು ರೇಡಿಯೊ ಇದ್ದ ಕಾಲಕ್ಕೆ. ಈಗ ಅದೇ ವಯರಿನಲ್ಲಿ ಫ್ರಿಜ್, ಮಿಕ್ಸಿ, ವಾಷಿಂಗ್ ಮೆಷಿನ್, ಇಂಡಕ್ಷನ್ ಒಲೆ.

ಸ್ವಿಚ್ ಬೋರ್ಡ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಮಿಕ್ಸಿ ಹಾಕಿದಾಗ ಲೈಟು ಮಂಕಾದರೆ, ಫ್ರಿಜ್ ಮುಟ್ಟಿದರೆ ಜುಂ ಎಂದರೆ, ಫ್ಯೂಸಿಗೆ ಯಾರೋ ಪುಣ್ಯಾತ್ಮರು ದಪ್ಪ ತಂತಿ ಸುತ್ತಿದ್ದರೆ ಇನ್ನು ಕಾಯಬೇಡಿ. ನಮ್ಮ ಅಟ್ಟದಲ್ಲಿ ಹಿಂದೆ ಯಾರೋ ಮಾಡಿದ ಒಂದು ಜೋಡಣೆ ಸಿಕ್ಕಿತು. ಸುತ್ತಿದ್ದು ಪುಸ್ತಕಕ್ಕೆ ಅಂಟಿಸುವ ಟೇಪು! ಪಕ್ಕದಲ್ಲೇ ಇಲಿ ಕಡಿದ ಗುರುತು, ಒಣಗಿದ ತೆಂಗಿನ ನಾರು. ಅದರ ಕೆಳಗಿನ ಕೋಣೆಯಲ್ಲಿ ನಾವು ಇಷ್ಟು ವರ್ಷ ಮಲಗಿದ್ದೆವು.

ಎಲ್ಲವನ್ನೂ ಬದಲಿಸಲೇಬೇಕಾ? ಹಾಳಾದಷ್ಟು ಮಾತ್ರ ಸಾಲದಾ?

ಒಮ್ಮೊಮ್ಮೆ ಸಾಕು. ವಯರ್ ತಾಮ್ರದ್ದಾಗಿದ್ದು, ಪಿವಿಸಿ ಪೈಪಿನೊಳಗಿದ್ದು, ಮೆಗ್ಗರ್ ಹಿಡಿದಾಗ ಪಾಸಾದರೆ ಅದನ್ನು ಕಿತ್ತು ಎಸೆಯುವುದು ದಂಡ. ಮೆಗ್ಗರ್ ಎಂದರೆ ವಯರಿನ ಹೊದಿಕೆ ಎಷ್ಟು ಗಟ್ಟಿ ಎಂದು 500 ವೋಲ್ಟ್ ಕೊಟ್ಟು ನೋಡುವ ಮೀಟರ್. ಕನಿಷ್ಠ 1 ಮೆಗಾಓಮ್ ತೋರಿಸಬೇಕು. ಹೊಸ ವಯರಿಗೆ ಇದಕ್ಕಿಂತ ತುಂಬ ಜಾಸ್ತಿ ಬರುತ್ತದೆ. ಹಿಡಿಯುವ ಮೊದಲು ಎಲ್ಲ ಉಪಕರಣ, ಎಲ್‌ಇಡಿ ಬಲ್ಬು ತೆಗೆಯಬೇಕು, ಇಲ್ಲದಿದ್ದರೆ ಅವು ಹಾಳಾಗಬಹುದು. ಪಾಸಾದ ಮನೆಗೆ ಹೊಸ ಡಿಬಿ (ಮನೆಯ ಲೈನುಗಳೆಲ್ಲ ಕವಲೊಡೆಯುವ ಪೆಟ್ಟಿಗೆ), ಹೊಸ ಅರ್ತ್ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ದಾರಿ), ಇಎಲ್‌ಸಿಬಿ (ಕರೆಂಟು ಸೋರಿದರೆ ತಾನೇ ಲೈನು ಕಡಿಯುವ ಸ್ವಿಚ್ಚು), ಅಡುಗೆ ಕೋಣೆಗೆ ಬೇರೆ ಲೈನು, ಇಷ್ಟಾದರೆ ಆಯಿತು. ಅಕ್ಕನ ಮನೆಯಲ್ಲಿ ಹೀಗೇ ಮಾಡಿದೆವು.

ರಬ್ಬರ್ ವಯರ್ ಅಥವಾ ಅಲ್ಯುಮಿನಿಯಂ ಆದರೆ ತೇಪೆ ಹಾಕಬೇಡಿ.

ಯಾವ ತಿಂಗಳಲ್ಲಿ ಮಾಡಿಸುವುದು?

ತುಳಸಿ ಪೂಜೆ ಕಳೆದ ಮೇಲೆ, ಮಾರ್ಚ್ ಒಳಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಗೋಡೆಗಳು ನೀರು ಕುಡಿದು ನಿಂತಿರುತ್ತವೆ. ಕೊರೆದ ಕಡೆ ಹಾಕಿದ ಸಾರಣೆ ಒಣಗುವುದಿಲ್ಲ, ಮೆಗ್ಗರ್ ಸರಿಯಾದ ಲೆಕ್ಕ ತೋರಿಸುವುದಿಲ್ಲ, ಪಾಚಿ ಹಿಡಿದ ಹಂಚಿನ ಮೇಲೆ ಕಾಲಿಡಲೂ ಆಗದು. ಅಡಿಕೆ ಕೊಯ್ಲಿನ ಗಡಿಬಿಡಿ, ಊರಿನ ಜಾತ್ರೆ, ಮನೆಯ ಕೋಲ ಯಾವಾಗ ಎಂದು ನೋಡಿಕೊಂಡು ದಿನ ಹೇಳಿ.

ಮಳೆಗಾಲ ಪೂರ್ತಿ ದಂಡ ಎಂದಲ್ಲ. ಎಲ್ಲಿ ಸೋರುತ್ತದೆ, ಯಾವ ಗೋಡೆ ಒದ್ದೆ ಎಂದು ಆಗಲೇ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಅಲ್ಲಿ ಬೋರ್ಡ್ ಬರಬಾರದು. ಡಿಸೆಂಬರಿನಲ್ಲಿ ಎಲ್ಲ ಗೋಡೆಯೂ ಒಳ್ಳೆಯದೇ ಕಾಣುತ್ತದೆ.

ಕೆಲಸ ಎಲ್ಲಿಂದ ಶುರು ಮಾಡಬೇಕು?

ಕಾಗದದಿಂದ. ಹಳೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಮನೆಯ ನಕ್ಷೆ ಬಿಡಿಸಿ. ಜಗುಲಿ, ಚಾವಡಿ, ದೇವರ ಕೋಣೆ, ಅಡುಗೆ ಕೋಣೆ, ಬಚ್ಚಲು, ಹಟ್ಟಿ, ಪಂಪ್ ಶೆಡ್ ಎಲ್ಲವೂ ಇರಲಿ. ಲೈಟು, ಫ್ಯಾನು, ಪ್ಲಗ್ಗು ಎಲ್ಲೆಲ್ಲಿ ಎಂದು ಗುರುತು ಮಾಡಿ. ಮಂಚ, ಕಪಾಟು ಎಲ್ಲಿ ಬರುತ್ತದೆ ಎನ್ನುವುದೂ ಇರಬೇಕು, ಇಲ್ಲದಿದ್ದರೆ ಹೊಸ ಪ್ಲಗ್ಗು ಕಪಾಟಿನ ಹಿಂದೆ ಹೋಗಿ ಕೂರುತ್ತದೆ. ನಾನು ಕೋಣೆಗಳ ಹೆಸರು ಕನ್ನಡದಲ್ಲಿ ಬರೆದಿದ್ದೆ. ಬಂದ ವಯರ್‌ಮನ್ ನಮ್ಮ ಜತೆ ಚೆನ್ನಾಗಿ ತುಳು ಮಾತಾಡುತ್ತಿದ್ದರು, ಓದಲು ಬರುತ್ತಿದ್ದದ್ದು ಮಲಯಾಳ ಮಾತ್ರ. ಕೊನೆಗೆ ಕೋಣೆಗೊಂದು ನಂಬರ್ ಕೊಟ್ಟೆವು. ಮೊದಲೇ ನಂಬರ್ ಹಾಕಿ.

ಆಮೇಲೆ ವಾಟ್ ಲೆಕ್ಕ. ಎಲ್‌ಇಡಿ ಬಲ್ಬು 9 ವಾಟ್, ಸಾಧಾರಣ ಸೀಲಿಂಗ್ ಫ್ಯಾನ್ 75ರ ಆಸುಪಾಸು, ಮಿಕ್ಸಿ 500ರಿಂದ 750, ಇಸ್ತ್ರಿಪೆಟ್ಟಿಗೆ 1000, ಗೀಸರ್ ಮತ್ತು ಇಂಡಕ್ಷನ್ 2000, ಒಂದು ಎಚ್‌ಪಿ ಪಂಪು 746. ಬಚ್ಚಲ ಹಂಡೆಗೆ ಈಗಲೂ ಸೋಗೆ, ಕಟ್ಟಿಗೆ ಉರಿಸುವವರು ಗೀಸರ್ ಲೆಕ್ಕ ಬಿಡಬೇಡಿ. ಹತ್ತು ವರ್ಷ ಕಳೆದು ಕಟ್ಟಿಗೆ ಒಡೆಯುವವರು ಯಾರು?

ಸಿಂಗಲ್ ಫೇಸ್ ಸಾಕಾ?

ಕೇರಳದಲ್ಲಿ 5 ಕಿಲೋವಾಟ್‌ವರೆಗೆ ಸಿಂಗಲ್ ಫೇಸ್, ಎಂದರೆ ಕಂಬದಿಂದ ಕರೆಂಟು ತರುವ ವಯರ್ ಒಂದೇ. ಅದಕ್ಕಿಂತ ಜಾಸ್ತಿ ಆದರೆ ತ್ರೀ ಫೇಸ್, ಅಂಥ ವಯರ್ ಮೂರು. ಎರಡು ಗೀಸರ್, ಒಂದು ಎಸಿ, ಒಂದು ಇಂಡಕ್ಷನ್ ಎಂದರೆ ಆ ಗಡಿ ದಾಟಿತು. ತ್ರೀ ಫೇಸಿಗೆ ಪ್ರತಿ ಬಿಲ್ಲಿನ ಫಿಕ್ಸೆಡ್ ಚಾರ್ಜ್ ಜಾಸ್ತಿ, ಹಾಗಾಗಿ ಸುಮ್ನೆ ದೊಡ್ಡಸ್ತಿಕೆಗೆ ಬೇಡ. ಆದರೆ ಮುಂದೆ ಬೇಕಾದೀತು ಎಂದಿದ್ದರೆ ಡಿಬಿ ದೊಡ್ಡದೇ ಇಡಿಸಿ, ಮೀಟರಿನಿಂದ ಡಿಬಿಗೆ ಬರುವ ಪೈಪು ದಪ್ಪದ್ದೇ ಹಾಕಿಸಿ. ಆಗ ಮತ್ತೆ ಗೋಡೆ ಕೊರೆಯಬೇಕಿಲ್ಲ.

ಮಂಗಳೂರಿನಲ್ಲಿ ನಮ್ಮ ಪರಿಚಯದವರೊಬ್ಬರು ವಯರಿಂಗ್ ಮಾಡುತ್ತಾರೆ. ಅವರಿಂದ ಮಾಡಿಸಬಹುದಾ?

ಕೆಲಸ ಅವರಿಗೂ ಗೊತ್ತಿರಬಹುದು, ಕಾಗದ ಮಾತ್ರ ಇಲ್ಲಿಯದ್ದೇ ಬೇಕು. ತಲಪಾಡಿ ಗಡಿ ದಾಟಿದರೆ ಕರೆಂಟು ಕೊಡುವುದು ಕರ್ನಾಟಕದ ಮೆಸ್ಕಾಂ, ಈಚೆ ಕೇರಳದ ಕೆ.ಎಸ್.ಇ.ಬಿ. ಕೇರಳದಲ್ಲಿ ವಯರ್‌ಮನ್ ಪರ್ಮಿಟ್, ಕಂಟ್ರಾಕ್ಟರ್ ಲೈಸೆನ್ಸ್ ಕೊಡುವುದು ರಾಜ್ಯದ ಇಲೆಕ್ಟ್ರಿಸಿಟಿ ಲೈಸೆನ್ಸಿಂಗ್ ಬೋರ್ಡ್. ಲೋಡ್ ಹೆಚ್ಚಿಸುವಾಗ, ಫೇಸ್ ಬದಲಿಸುವಾಗ ಸೆಕ್ಷನ್ ಆಫೀಸಿನವರು ಕೇಳುವುದು ಆ ಲೈಸೆನ್ಸ್ ಇದ್ದವರು ಸಹಿ ಹಾಕಿದ ರಿಪೋರ್ಟು. ಕೆಲಸ ಒಪ್ಪಿಸುವ ಮೊದಲೇ ಪರ್ಮಿಟ್ ತೋರಿಸಿ ಎಂದು ಕೇಳಿ. ಕೇಳಲು ನಾಚಿಕೆ ಎಂತದ್ದು? ಕಾರ್ ಕೊಡುವಾಗ ಡ್ರೈವರಿನ ಲೈಸೆನ್ಸ್ ಕೇಳುವುದಿಲ್ವಾ?

ಮೀಟರು, ಮೈನ್ ಫ್ಯೂಸು ನಾವೇ ಸರಿಸಬಹುದಾ?

ಬೇಡವೇ ಬೇಡ. ಮೀಟರ್ ಮತ್ತು ಅದರ ಸೀಲು ಕೆ.ಎಸ್.ಇ.ಬಿ.ಯದ್ದು. ಅದರಾಚೆಗಿನ ಲೈನಿನಲ್ಲಿ ಯಾವಾಗಲೂ ಕರೆಂಟು ಇರುತ್ತದೆ, ಮನೆಯ ಮೈನ್ ಆಫ್ ಮಾಡಿದರೂ ಇರುತ್ತದೆ. ಸೀಲು ಒಡೆದರೆ 2003ರ ವಿದ್ಯುತ್ ಕಾಯಿದೆಯಲ್ಲಿ ಕೇಸೂ ಆಗಬಹುದು. ಅರ್ಜಿ ಕೊಟ್ಟು ಅವರಿಂದಲೇ ಕಂಬದಲ್ಲಿ ಲೈನು ತೆಗೆಸಿ. ಸರ್ವಿಸ್ ವಯರ್ ತೆಂಗಿನ ಮರಕ್ಕೆ ಉಜ್ಜುತ್ತಿದ್ದರೆ ಅದನ್ನೂ ಆಗಲೇ ಹೇಳಿಬಿಡಿ.

ಯಾವ ವಯರ್, ಎಷ್ಟು ದಪ್ಪ?

ಹಳೆ ವಯರ್‌ಮನ್‌ಗಳು ಈಗಲೂ "3/22", "7/20" ಎನ್ನುತ್ತಾರೆ. 3/22 ಎಂದರೆ 22 ಗೇಜಿನ ಮೂರು ಎಳೆ, ಇಂದಿನ ಲೆಕ್ಕದಲ್ಲಿ ಸುಮಾರು 1.2 ಚದರ ಮಿಲಿಮೀಟರ್. 7/20 ಎಂದರೆ ನಾಲ್ಕೂವರೆಯ ಹತ್ತಿರ. ಅಂಗಡಿಯಲ್ಲಿ ಈಗ ಸಿಗುವುದು ಚದರ ಮಿಲಿಮೀಟರಿನಲ್ಲಿ.

ಲೈಟು, ಫ್ಯಾನಿಗೆ 1.5 ಹಾಕಿಸಿ. ಅಡುಗೆ ಕೋಣೆಯ ಪ್ಲಗ್ಗಿಗೆ 2.5. ಗೀಸರ್, ಎಸಿ, ಇಂಡಕ್ಷನ್‌ಗೆ 4, ಒಂದೊಂದಕ್ಕೂ ಬೇರೆ ಬೇರೆ ಲೈನು. ಮೀಟರಿನಿಂದ ಡಿಬಿಗೆ ಲೋಡ್ ನೋಡಿ 6 ಅಥವಾ 10. ಒಂದು ಲೈಟಿನ ಲೈನಿಗೆ ಹತ್ತು ಪಾಯಿಂಟ್ (ಲೈಟು, ಫ್ಯಾನು, ಪ್ಲಗ್ಗು ಒಂದೊಂದೂ ಒಂದು ಪಾಯಿಂಟ್) ಅಥವಾ 800 ವಾಟ್ ಮೀರಬಾರದು ಎನ್ನುವುದು ಹಳೆಯ, ಒಳ್ಳೆಯ ಲೆಕ್ಕ. ಫೇಸಿಗೆ (ಕರೆಂಟು ತರುವ ವಯರ್) ಕೆಂಪು, ನ್ಯೂಟ್ರಲಿಗೆ (ಕರೆಂಟು ವಾಪಸ್ ಹೋಗುವ ವಯರ್) ಕಪ್ಪು, ಅರ್ತಿಗೆ ಹಸಿರು. ಕೆಂಪು ಮುಗಿಯಿತು ಎಂದು ಕಪ್ಪಿನಲ್ಲಿ ಫೇಸ್ ಎಳೆಯಲು ಬಿಡಬೇಡಿ. ಇಪ್ಪತ್ತು ವರ್ಷ ಕಳೆದು ಬೋರ್ಡ್ ಬಿಚ್ಚುವವರ ಜೀವದ ಪ್ರಶ್ನೆ.

ಎಂಸಿಬಿ ಎಂದರೆ ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು, ಅದು ಇರುವುದು ವಯರನ್ನು ಕಾಯಲಿಕ್ಕೆ. 1.5ರ ವಯರಿಗೆ 10 ಆಂಪ್, 2.5ಕ್ಕೆ 16, 4ಕ್ಕೆ 20. ಪದೇ ಪದೇ ಬೀಳುತ್ತದೆ ಎಂದು 32 ಆಂಪಿನದ್ದು ಹಾಕಿದರೆ, ಹಿಂದೆ ಫ್ಯೂಸಿಗೆ ದಪ್ಪ ತಂತಿ ಸುತ್ತಿದ ಪುಣ್ಯಾತ್ಮರಿಗೂ ನಮಗೂ ಎಂತ ವ್ಯತ್ಯಾಸ?

ವಯರಿನ ಕಾಯಿಲ್ (ಸುತ್ತಿದ ಕಟ್ಟು) ಕೊಳ್ಳುವಾಗ ಐಎಸ್‌ಐ ಗುರುತಿನ ಹತ್ತಿರ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ನಂಬರ್ ಇರುತ್ತದೆ. ಬಿಐಎಸ್ ಕೇರ್ ಎಂಬ ಆ್ಯಪಿನಲ್ಲಿ ಹಾಕಿದರೆ ಅದು ಯಾವ ಕಂಪೆನಿಯದ್ದು, ಈಗಲೂ ಚಾಲ್ತಿಯಲ್ಲಿದೆಯಾ ಎಂದು ಗೊತ್ತಾಗುತ್ತದೆ.

ಗೋಡೆ ಒಡೆಯದೆ ಆಗುವುದಿಲ್ವಾ?

ಆಗುತ್ತದೆ. ಹಳೆ ಮನೆಗೆ ಅದೇ ವಾಸಿ ಎಂದು ನನ್ನ ಅಭಿಪ್ರಾಯ. ಮಣ್ಣಿನ ಗೋಡೆಯಾದರೆ ಕಟ್ಟರ್ ತರಲೇಬೇಡಿ, ಬಿಳಿ ಪಿವಿಸಿ ಕೇಸಿಂಗ್ ಪಟ್ಟಿ ಹೊಡೆಸಿ. ಮುರಕಲ್ಲಿನ ಗೋಡೆ ಕೊರೆಯಬಹುದು, ಆದರೆ ಮೇಲಿನಿಂದ ಕೆಳಕ್ಕೆ ಮಾತ್ರ. ಅಡ್ಡ ಉದ್ದಕ್ಕೂ ಕೊರೆದರೆ ಗೋಡೆಯ ಬಲ ಹೋಗುತ್ತದೆ. ಅಡ್ಡ ಹೋಗಬೇಕಾದ ಪೈಪೆಲ್ಲ ಅಟ್ಟದ ಮೇಲೆ ಹೋಗಲಿ. ಅಲ್ಲಿ ಇಲಿ, ಹೆಗ್ಗಣ, ಗೆದ್ದಲು ಎಲ್ಲ ಇರುವುದರಿಂದ ಬರೀ ವಯರ್ ಎಳೆಯುವುದು ಬೇಡ, ಪೂರ್ತಿ ಪೈಪಿನೊಳಗೇ ಇರಬೇಕು. ಜೋಡಣೆ ಏನಿದ್ದರೂ ಮುಚ್ಚಳ ಇರುವ ಬಾಕ್ಸಿನೊಳಗೆ. ಮುರಕಲ್ಲು ಕೊರೆಯುವಾಗಿನ ಕೆಂಪು ಧೂಳು ಹೇಗಿರುತ್ತದೆ ಎಂದು ನಾನು ಹೇಳುವುದಿಲ್ಲ. ಬಟ್ಟೆ, ಅಕ್ಕಿ, ದೇವರ ಫೋಟೊ ಎಲ್ಲ ಮೊದಲೇ ಕಟ್ಟಿಡಿ.

ಅರ್ತ್ ಹಳೆಯದೇ ಉಂಟಲ್ಲ, ಫೇಸಿಗೂ ಅರ್ತಿಗೂ ನಡುವೆ ಬಲ್ಬು ಇಟ್ಟು ನೋಡಿದರೆ ಉರಿಯುತ್ತದೆ. ಅದು ಸಾಲದಾ?

ಈ ಬಲ್ಬಿನ ಪರೀಕ್ಷೆಯನ್ನು ನಾನೂ ನಂಬಿದ್ದೆ. ಲೆಕ್ಕ ಹಾಕಿ ನೋಡಿ. 100 ವಾಟಿನ ಬಲ್ಬು ಎಳೆಯುವುದು ಅರ್ಧ ಆಂಪಿಗಿಂತ ಕಡಿಮೆ. ಅರ್ತಿನ ದಾರಿಯಲ್ಲಿ 50 ಓಮ್ ಅಡ್ಡಿ ಇದ್ದರೂ ಅದು ಚೆನ್ನಾಗೇ ಉರಿಯುತ್ತದೆ. ಈಗ ಅದೇ ಮನೆಯಲ್ಲಿ ಗೀಸರಿನ ಮೈಗೆ ಫೇಸ್ ತಾಗಿತು ಎಂದುಕೊಳ್ಳಿ. 230 ವೋಲ್ಟನ್ನು 50ರಿಂದ ಭಾಗಿಸಿದರೆ 4.6 ಆಂಪ್. 16 ಆಂಪಿನ ಎಂಸಿಬಿಗೆ ಇದು ಲೆಕ್ಕಕ್ಕೇ ಇಲ್ಲ, ಬೀಳುವುದಿಲ್ಲ. ಗೀಸರಿನ ಮೈಯಲ್ಲಿ ಕರೆಂಟು ಹಾಗೇ ಇರುತ್ತದೆ.

ನಮ್ಮ ಕಡೆಯ ಮಣ್ಣು ಬೇರೆ ಸಹಾಯ ಮಾಡುವುದಿಲ್ಲ. ಮುರಕಲ್ಲು ಮಳೆಗಾಲದಲ್ಲಿ ಒದ್ದೆ, ಆಗ ಅರ್ತ್ ಒಳ್ಳೆಯದೇ ಇರುತ್ತದೆ. ಮಾರ್ಚ್, ಏಪ್ರಿಲಿನಲ್ಲಿ ಒಣಗಿ ಗಟ್ಟಿಯಾದಾಗ ಅರ್ತ್ ಎಷ್ಟೋ ಪಾಲು ಕೆಡುತ್ತದೆ. ಅರ್ತ್ ಟೆಸ್ಟರ್ ತರಿಸಿ ನೋಡುವುದಾದರೆ ಬೇಸಗೆಯಲ್ಲೇ ನೋಡಿಸಿ.

ಅರ್ತ್ ಗುಂಡಿಗೆ ಜಾಗ ಹುಡುಕುವಾಗ ಅಂಗಳದ ಮೂಲೆ ಬಿಟ್ಟು ಬಚ್ಚಲ ನೀರು ಹೋಗುವ ಬಾಳೆಯ ಬುಡದ ಕಡೆ ನೋಡಿ. ವರ್ಷವಿಡೀ ತೇವ ಇರುವ ಜಾಗ ಅದು. ಪಂಚಾಂಗದಿಂದ ಕನಿಷ್ಠ ಒಂದೂವರೆ ಮೀಟರ್ ದೂರ ಇರಲಿ. (ಪಂಚಾಂಗ ಎಂದರೆ ಮನೆಯದ್ದು, ಗೋಡೆಗೆ ತೂಗುಹಾಕುವುದಲ್ಲ.) ಸಾಮಾನ್ಯವಾಗಿ ಹೂಳುವುದು ಎರಡೂವರೆ ಮೀಟರ್ ಉದ್ದದ ಜಿಐ (ಸತುವಿನ ಲೇಪದ ಕಬ್ಬಿಣ) ಪೈಪು. ಸುತ್ತ ಉಪ್ಪು, ಇದ್ದಿಲು ತುಂಬುವುದು ಹಳೆ ಕ್ರಮ. ತಪ್ಪಲ್ಲ, ಆದರೆ ನಮ್ಮ ಮಳೆಗೆ ಉಪ್ಪು ತೊಳೆದು ಹೋಗುತ್ತದೆ, ಉಳಿದದ್ದು ಪೈಪನ್ನು ತಿನ್ನುತ್ತದೆ. ಬೆಂಟೊನೈಟ್ ಎಂಬ ಜೇಡಿಪುಡಿ ತುಂಬಿದರೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಒಂದು ಮೀಟರ್ ಕೆಳಗೆ ಹಾಸುಗಲ್ಲು ಸಿಕ್ಕಿದರೆ ಪೈಪನ್ನು ಕತ್ತರಿಸಿ ಗಿಡ್ಡ ಮಾಡಿ ಹೂಳುವ ಬುದ್ಧಿವಂತರಿದ್ದಾರೆ. ಗುಂಡಿ ಮುಚ್ಚುವಾಗ ಹತ್ತಿರ ನಿಲ್ಲಿ. ನಾನು ಚಹಾ ತರಲು ಒಳಗೆ ಹೋದಾಗಲೇ ಮಾವನ ಮನೆಯಲ್ಲಿ ಹಾಗೆ ಆಯಿತು, ಮತ್ತೆ ತೋಡಿಸಬೇಕಾಯಿತು.

ಇನ್ನೊಂದು: ಗುಂಡಿ ಎಷ್ಟು ಒಳ್ಳೆಯದಿದ್ದರೂ ಹಸಿರು ವಯರ್ ಪ್ರತಿ ಪ್ಲಗ್ಗಿನವರೆಗೆ ಬರದಿದ್ದರೆ ಪ್ರಯೋಜನವಿಲ್ಲ. ಹಳೆ ಮನೆಗಳಲ್ಲಿ ಮೂರು ತೂತಿನ ಪ್ಲಗ್ಗು ಇರುತ್ತದೆ, ಮೇಲಿನ ತೂತಿನ ಹಿಂದೆ ಏನೂ ಇರುವುದಿಲ್ಲ.

ಇಎಲ್‌ಸಿಬಿ ಹಾಕಿದ ಮೇಲೆ ದಿನಕ್ಕೆ ಮೂರು ಸಲ ಬೀಳುತ್ತದೆ. ತೆಗೆಸಿಬಿಡಲಾ?

ದಯಮಾಡಿ ಬೇಡ. ಮೇಲೆ ಹೇಳಿದ 4.6 ಆಂಪ್ ಎಂಸಿಬಿಗೆ ತಿಳಿಯುವುದಿಲ್ಲ, ಇಎಲ್‌ಸಿಬಿಗೆ 0.03 ಆಂಪ್ ಸಾಕು, ಕಣ್ಣು ಮಿಟುಕಿಸುವುದರೊಳಗೆ ಬೀಳುತ್ತದೆ. ಅದೇ 30 ಮಿಲಿಆಂಪ್. ಮನುಷ್ಯರ ಜೀವ ಕಾಯಲು ಮನೆಗೆ ಹಾಕಬೇಕಾದದ್ದು ಈ ಅಳತೆಯದ್ದೇ. 100, 300ರದ್ದು ಅಗ್ಗಕ್ಕೆ ಸಿಕ್ಕಿತು ಎಂದು ತರಬೇಡಿ. ಅಂದಹಾಗೆ ನಾವು ಇಎಲ್‌ಸಿಬಿ ಎನ್ನುವುದರ ಮೇಲೆ ಈಗ ಆರ್‌ಸಿಸಿಬಿ ಎಂದು ಬರೆದಿರುತ್ತದೆ. ಅಂಗಡಿಯಲ್ಲಿ ಯಾವ ಹೆಸರು ಹೇಳಿದರೂ ಅದನ್ನೇ ಕೊಡುತ್ತಾರೆ.

ಬೀಳುವುದಕ್ಕೆ ಕಾರಣ ಇರುತ್ತದೆ. ಹಳೆ ಮನೆಯಲ್ಲಿ ಮೊದಲ ಗುಮಾನಿ ನ್ಯೂಟ್ರಲ್ ಮೇಲೆ. ಒಂದು ಕೋಣೆಯ ಲೈಟಿಗೆ ಪಕ್ಕದ ಲೈನಿನ ನ್ಯೂಟ್ರಲ್ ಸಾಲ ತಂದಿರುತ್ತಾರೆ, ಎಲ್ಲೋ ನ್ಯೂಟ್ರಲನ್ನು ಅರ್ತಿಗೆ ಜೋಡಿಸಿರುತ್ತಾರೆ. ಹೋದ ಕರೆಂಟು ಬಂದ ದಾರಿಯಲ್ಲೇ ವಾಪಸ್ ಬರದಿದ್ದರೆ ಇಎಲ್‌ಸಿಬಿ ಒಪ್ಪುವುದಿಲ್ಲ. ಆಮೇಲೆ ಗೀಸರಿನ ಸುರುಳಿ, ಹಳೆ ಇಸ್ತ್ರಿಪೆಟ್ಟಿಗೆ, ಬಾವಿ ಪಂಪಿನ ಕೇಬಲ್, ಒದ್ದೆ ಗೋಡೆಯ ಬೋರ್ಡ್, ಬೋರ್ಡಿನೊಳಗೆ ಗೂಡು ಮಾಡಿದ ಇರುವೆ. ಎಲ್ಲ ಎಂಸಿಬಿ ಆಫ್ ಮಾಡಿ ಒಂದೊಂದೇ ಆನ್ ಮಾಡುತ್ತ ಬಂದರೆ ಯಾವ ಲೈನು ಎಂದು ಸಿಗುತ್ತದೆ. ನ್ಯೂಟ್ರಲ್ ಅರ್ತಿಗೆ ತಾಗಿದ್ದರೆ ಮಾತ್ರ ಎಂಸಿಬಿ ಆಫ್ ಇದ್ದರೂ ಬೀಳಬಹುದು, ಅದನ್ನು ಹುಡುಕುವುದು ಗೊತ್ತಿದ್ದವರ ಕೆಲಸ.

ಇಎಲ್‌ಸಿಬಿಯ ಮೇಲೆ ಟಿ ಎಂಬ ಒತ್ತುಗುಂಡಿ ಉಂಟು. ತಿಂಗಳಿಗೊಮ್ಮೆ ಒತ್ತಿ. ಬೀಳದಿದ್ದರೆ ಅದು ಸತ್ತಿದೆ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದರೆ ಇಎಲ್‌ಸಿಬಿಯೂ ಕಾಪಾಡುವುದಿಲ್ಲ, ಅದು ತಿಳಿದಿರಲಿ.

ಹಟ್ಟಿಗೆ, ಪಂಪಿಗೆ ಅದೇ ಲೈನು ಸಾಕಾ?

ಬೇರೆ ಲೈನು, ಬೇರೆ ಇಎಲ್‌ಸಿಬಿ. ಪಂಪಿನ ಕೇಬಲಿಗೆ ನೀರು ಹೊಕ್ಕರೆ ಇಡೀ ಮನೆ ಕತ್ತಲಾಗಬಾರದಲ್ವಾ? ಹಟ್ಟಿಯ ವಿಷಯದಲ್ಲಿ ಇನ್ನೂ ಜಾಗ್ರತೆ. ದನ ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತಿರುತ್ತದೆ, ಮುಂಗಾಲು ಹಿಂಗಾಲಿನ ನಡುವೆ ಅಷ್ಟು ದೂರ. ನಮಗೆ ಚುರುಕ್ ಎನ್ನುವಷ್ಟು ಕರೆಂಟು ದನವನ್ನು ಕೊಲ್ಲಬಹುದು. ಸ್ವಿಚ್ಚು ಹಟ್ಟಿಯ ಹೊರಗೆ, ದನದ ಬಾಯಿಗೆ ಕೊಂಬಿಗೆ ಸಿಗದ ಎತ್ತರದಲ್ಲಿ. ಲೈಟಿಗೆ ನೀರು ಹೊಗದ ಮುಚ್ಚಳ ಇರಬೇಕು.

ಸಿಡಿಲಿಗೆ ಎಂತ ಮಾಡುವುದು?

ಏಪ್ರಿಲ್, ಮೇ ತಿಂಗಳ ಸಂಜೆ ಮತ್ತು ಅಕ್ಟೋಬರಿನ ಗುಡುಗು ನಮಗೆ ಹೊಸದಲ್ಲ. ಡಿಬಿಯಲ್ಲಿ ಎಸ್‌ಪಿಡಿ ಎಂಬ ಸಾಧನ ಹಾಕಿಸಬಹುದು, ಲೈನಿನಲ್ಲಿ ನುಗ್ಗಿ ಬರುವ ಹೆಚ್ಚುವರಿ ವೋಲ್ಟೇಜನ್ನು ಅದು ಅರ್ತಿಗೆ ಬಿಡುತ್ತದೆ. ಅರ್ತ್ ಕೆಟ್ಟದಿದ್ದರೆ ಅದೂ ದಂಡ. ಹಾಕಿಸಿದ ಮೇಲೂ ಗುಡುಗು ದೂರ ಇರುವಾಗಲೇ ಟಿವಿ, ಫ್ರಿಜ್, ಇಂಟರ್ನೆಟ್ ಪೆಟ್ಟಿಗೆಯ ಪ್ಲಗ್ಗು ಕೀಳುವ ಅಭ್ಯಾಸ ಬಿಡಬೇಡಿ. ನಮ್ಮ ಅಮ್ಮನಿಗೆ ಮೋಡ ಕಂಡರೆ ಸಾಕು.

ಇನ್ವರ್ಟರ್, ಸೋಲಾರ್?

ಇನ್ವರ್ಟರಿಗೆ ಯಾವ ಲೈಟು, ಯಾವ ಫ್ಯಾನು ಎಂದು ಈಗಲೇ ತೀರ್ಮಾನಿಸಿ. ಅವಕ್ಕೆ ಫೇಸ್ ಮಾತ್ರವಲ್ಲ, ನ್ಯೂಟ್ರಲೂ ಬೇರೆಯೇ ಎಳೆಸಿ. ಸೋಲಾರ್ ಮುಂದೆ ಹಾಕುವುದಾದರೆ ಮಾಡಿನಿಂದ ಡಿಬಿಗೆ ಒಂದು ಖಾಲಿ ಪೈಪು ಬಿಟ್ಟುಬಿಡಿ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟಿಗೆ 78,000 ರೂಪಾಯಿ ಸಬ್ಸಿಡಿ ಇಟ್ಟಿದ್ದಾರೆ.

ಕೆಲಸ ನಡೆಯುವಾಗ ಮನೆಯಲ್ಲೇ ಇರಬಹುದಾ?

ಇರಬಹುದು, ನಾವು ಇದ್ದೆವು. ನಮ್ಮಲ್ಲಿ ಹನ್ನೊಂದು ದಿನ ಹಿಡಿಯಿತು. ಅಡುಗೆ ಕೋಣೆ ಮತ್ತು ಪಂಪು ಮೊದಲು ಮುಗಿಸಲು ಹೇಳಿ.

ಒಟ್ಟು ಎಷ್ಟು ಖರ್ಚು?

ನನ್ನ ಲೆಕ್ಕ ನಿಮಗೆ ಆಗುವುದಿಲ್ಲ. ತಾಮ್ರದ ಬೆಲೆ ನಿಂತಲ್ಲಿ ನಿಲ್ಲುವುದಿಲ್ಲ. ಕೂಲಿಯನ್ನು ಪಾಯಿಂಟಿಗಿಷ್ಟು ಎಂದು ಹೇಳುತ್ತಾರೆ. ಒಪ್ಪುವ ಮೊದಲು ಬಿಡಿಸಿ ಕೇಳಿ: ಎರಡು ಕಡೆಯಿಂದ ಹಾಕುವ ಸ್ವಿಚ್ಚು ಒಂದು ಪಾಯಿಂಟಾ, ಎರಡಾ? ಹಳೆಯದನ್ನು ಕೀಳುವುದು, ಕೊರೆದ ಗೋಡೆಗೆ ಸಾರಣೆ, ಅರ್ತ್ ಗುಂಡಿ, ಡಿಬಿ ಕೂರಿಸುವುದು ಅದರೊಳಗೆ ಬಂತಾ? ಕಿತ್ತ ಹಳೆ ವಯರ್ ಯಾರಿಗೆ? ಗುಜರಿಯಲ್ಲಿ ತಾಮ್ರಕ್ಕೆ ಒಳ್ಳೆಯ ದುಡ್ಡು ಬರುತ್ತದೆ, ಕೊನೆಯ ದಿನ ಅದಕ್ಕಾಗಿ ಮುಖ ಕೆಡಿಸಿಕೊಂಡವರನ್ನು ಕಂಡಿದ್ದೇನೆ. ಸಾಮಾನು ನೀವೇ ತನ್ನಿ. ವಯರ್ ಕಾಯಿಲ್ ಒಂದಕ್ಕೆ 90 ಮೀಟರ್, ಬಂದದ್ದು ಎಷ್ಟು, ಮುಗಿದದ್ದು ಎಷ್ಟು ಎಂದು ಬರೆದಿಡಿ.

ದುಡ್ಡು ಸಾಲದೆ ಬಂದರೆ ಸ್ವಿಚ್ಚಿನಲ್ಲಿ ಉಳಿಸಿ. ಹೊಳೆಯುವ ಬೋರ್ಡ್ ಮುಂದಿನ ವರ್ಷವೂ ಹಾಕಬಹುದು. ಅರ್ತ್, ಇಎಲ್‌ಸಿಬಿ, ಗೋಡೆಯೊಳಗಿನ ವಯರ್, ಈ ಮೂರರಲ್ಲಿ ಜಿಪುಣತನ ಬೇಡ. ಬಂದ ನೆಂಟರು ಯಾರೂ ಇವನ್ನು ಹೊಗಳುವುದಿಲ್ಲ, ಅದು ನಿಜ.

ಕೆಲಸ ಮುಗಿದ ದಿನ ಏನು ನೋಡಬೇಕು?

ಮೆಗ್ಗರ್ ಹಿಡಿಸಿ, ಅರ್ತ್ ಅಳೆಸಿ, ಎರಡೂ ಅಂಕಿ ಬರೆಸಿ ಸಹಿ ಹಾಕಿಸಿಕೊಳ್ಳಿ. ಇಎಲ್‌ಸಿಬಿಯ ಗುಂಡಿ ನೀವೇ ಒತ್ತಿ. ಸ್ವಿಚ್ ಆಫ್ ಇದ್ದಾಗ ಬಲ್ಬಿನ ಹೋಲ್ಡರಿನಲ್ಲಿ ಕರೆಂಟು ಇರಬಾರದು. ಇದ್ದರೆ ಸ್ವಿಚ್ಚನ್ನು ನ್ಯೂಟ್ರಲಿಗೆ ಹಾಕಿದ್ದಾರೆ ಎಂದರ್ಥ, ಬದಲಿಸಲು ಹೇಳಿ. ಗೋಡೆಗೆ ಸಾರಣೆ ಹಾಕುವ ಮೊದಲೇ ಪ್ರತಿ ಪೈಪಿನ ಫೋಟೊ ತೆಗೆದಿಡಿ, ಮುಂದೆ ಮೊಳೆ ಹೊಡೆಯುವಾಗ ಬೇಕಾಗುತ್ತದೆ. ಡಿಬಿಯ ಮುಚ್ಚಳದ ಒಳಗೆ ಯಾವ ಎಂಸಿಬಿ ಯಾವುದಕ್ಕೆ ಎಂದು ಅಂಟಿಸಿ. ನಮ್ಮಲ್ಲಿ ಕನ್ನಡದಲ್ಲಿ ನಾನು ಬರೆದೆ, ಅದರ ಕೆಳಗೆ ಮಲಯಾಳದಲ್ಲಿ ವಯರ್‌ಮನ್ ಬರೆದರು.

ಹಳೆಯ ಪಿಂಗಾಣಿ ಸ್ವಿಚ್ಚು ಚಂದ ಉಂಟು. ಇಟ್ಟುಕೊಳ್ಳಬಹುದಾ?

ಇಟ್ಟುಕೊಳ್ಳಿ, ಕರೆಂಟು ಮಾತ್ರ ಕೊಡಬೇಡಿ. ನಮ್ಮ ಚಾವಡಿಯ ಕಂಬದಲ್ಲಿ ಒಂದನ್ನು ಹಾಗೇ ಬಿಟ್ಟಿದ್ದೇವೆ. ಮನೆಗೆ ಬಂದ ಮಕ್ಕಳೆಲ್ಲ ಅದನ್ನು ಟಕ್ ಟಕ್ ಮಾಡಿ, ಲೈಟು ಯಾಕೆ ಬರುವುದಿಲ್ಲ ಎಂದು ಮೇಲೆ ನೋಡುತ್ತಾರೆ.